ಎರಡು ಲಿಪಿಗಳಲ್ಲಿ ‘ಬಾಪೂ’: 1948ರ ಗಾಂಧಿ ಅಂಚೆಚೀಟಿಗಳ ವಿನ್ಯಾಸ, ಮುದ್ರಣ ಮತ್ತು ಅರ್ಥ

ಕನ್ನಡ ಸಾಹಿತ್ಯ ಸಂಶೋಧನೆಯು ‘ಪಠ್ಯ’ ಎಂಬ ಪರಿಕಲ್ಪನೆಯನ್ನು ಹಲವು ದಶಕಗಳಿಂದ ವಿಸ್ತರಿಸಿಕೊಳ್ಳುತ್ತ ಬಂದಿದೆ. ಓಲೆಗರಿ, ಕಡತ, ಶಾಸನ, ವೀರಗಲ್ಲು, ಬಖೈರು, ಕೈಫಿಯತ್ತುಗಳೆಲ್ಲ ಅಧ್ಯಯನದ ಆಕರಗಳಾಗಿವೆ. ಆದರೆ ಇಪ್ಪತ್ತನೆಯ ಶತಮಾನದ ಜನರು ಪ್ರತಿನಿತ್ಯ ಮುಟ್ಟಿದ, ನಾಲಗೆಗೆ ತಾಗಿಸಿ ಅಂಟಿಸಿದ, ಕೊನೆಗೆ ಲಕೋಟೆಯೊಂದಿಗೆ ಎಸೆದುಬಿಟ್ಟ ಅಂಚೆಚೀಟಿಯು ಇಂತಹ ಗಮನಕ್ಕೆ ಪಾತ್ರವಾದದ್ದು ಕಡಿಮೆ. ಅದು ಸಂಗ್ರಾಹಕರ ಹವ್ಯಾಸದ ವಸ್ತುವಾಗಿ ಉಳಿಯಿತೇ ಹೊರತು ಓದಬೇಕಾದ ಬರಹವೆನಿಸಲಿಲ್ಲ. ಅಂಚೆಚೀಟಿಯಲ್ಲಿ ಚಿತ್ರವಿದೆ, ಲಿಪಿಯಿದೆ, ಕಾಲನಿರ್ದೇಶವಿದೆ. ಅದನ್ನು ಹೊರಡಿಸಿದ ಪ್ರಭುತ್ವವಿದೆ, ಅದನ್ನು ಸಿದ್ಧಪಡಿಸಿದ ಹೆಸರಿಲ್ಲದ ಕೈಗಳಿವೆ. ಶಾಸನವೊಂದನ್ನು ಓದುವಾಗ ಕೇಳುವ ಪ್ರಶ್ನೆಗಳನ್ನು ಇದಕ್ಕೂ ಕೇಳಲು ಸಾಧ್ಯವಿದೆ: ಇದನ್ನು ಹೊರಡಿಸಿದವರು ಯಾರು? ಯಾವ ಮಾಧ್ಯಮದಲ್ಲಿ, ಯಾವ ಲಿಪಿಯಲ್ಲಿ, ಯಾರು ಓದಲೆಂದು ಹೊರಡಿಸಿದರು?

ಈ ಪ್ರಶ್ನೆಗಳನ್ನು 1948ರ ಆಗಸ್ಟ್ 15ರಂದು, ಸ್ವಾತಂತ್ರ್ಯದ ಮೊದಲ ವಾರ್ಷಿಕೋತ್ಸವದ ದಿನ, ಭಾರತ ಸರ್ಕಾರವು ಹೊರತಂದ ನಾಲ್ಕು ಮಹಾತ್ಮ ಗಾಂಧಿ ಸ್ಮಾರಕ ಅಂಚೆಚೀಟಿಗಳಿಗೆ ಕೇಳಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಈ ಚೀಟಿಗಳ ಬಗ್ಗೆ ಸಾಮಾನ್ಯವಾಗಿ ಎರಡು ಸಂಗತಿಗಳು ಚರ್ಚೆಯಾಗುತ್ತವೆ. ಸ್ವದೇಶಿಯ ಪ್ರತಿಪಾದಕನ ಚಿತ್ರವು ಸ್ವಿಟ್ಜರ್ಲೆಂಡಿನಲ್ಲಿ ಮುದ್ರಣವಾಯಿತೆಂಬ ವ್ಯಂಗ್ಯ ಒಂದು. ಅವುಗಳ ಪೈಕಿ ಒಂದು ಚೀಟಿಗೆ ಇಂದು ದೊರೆಯುವ ಅಪಾರ ಬೆಲೆ ಇನ್ನೊಂದು. ಈ ಎರಡರ ಗದ್ದಲದಲ್ಲಿ ಮೂರನೆಯ, ಹೆಚ್ಚು ಮಹತ್ವದ ಸಂಗತಿ ಮರೆಯಾಗಿದೆ. ಚೀಟಿಯ ಮೇಲೆ ‘ಬಾಪೂ’ ಎಂಬ ಒಂದೇ ಪದವನ್ನು ದೇವನಾಗರಿ ಮತ್ತು ಉರ್ದು ಎಂಬ ಎರಡು ಲಿಪಿಗಳಲ್ಲಿ ಬರೆಯಲಾಗಿದೆ. ಈ ಎರಡು ಬರಹಗಳೇ ಚೀಟಿಯ ನಿಜವಾದ ಗಾಂಧಿಸ್ಮಾರಕ ಎಂಬುದು ಇಲ್ಲಿನ ವಾದ.

1. ಹಿನ್ನೆಲೆ: ರಾಜಮುಖದಿಂದ ಪ್ರಜಾಮುಖಕ್ಕೆ

ಭಾರತ ಉಪಖಂಡದ ಅಂಚೆಚೀಟಿಯ ಚರಿತ್ರೆಯು 1852ರಲ್ಲಿ ಸಿಂಧ್ ಪ್ರಾಂತದಲ್ಲಿ ಬಾರ್ಟಲ್ ಫ್ರೀಯರ್ ಜಾರಿಗೆ ತಂದ ‘ಸಿಂಧ್ ಡಾಕ್’ ಚೀಟಿಗಳಿಂದ ಆರಂಭವಾಗುತ್ತದೆ. ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯವಾಗುವ ಚೀಟಿಗಳು 1854ರಲ್ಲಿ ಕಲ್ಕತ್ತೆಯಲ್ಲಿ ಶಿಲಾಮುದ್ರಣದಿಂದ ಸಿದ್ಧವಾದವು. ಅವುಗಳ ಮೇಲೆ ವಿಕ್ಟೋರಿಯಾ ರಾಣಿಯ ಮುಖವಿತ್ತು. ಮರುವರ್ಷದಿಂದಲೇ ಈ ಕೆಲಸ ಲಂಡನ್ನಿನ ಡಿ ಲಾ ರೂ ಸಂಸ್ಥೆಗೆ ಹೋಯಿತು. ಸುಮಾರು ಏಳು ದಶಕಗಳ ಕಾಲ ಭಾರತದ ಚೀಟಿಗಳು ಕಡಲಾಚೆ ಮುದ್ರಣಗೊಂಡು ಹಡಗಿನಲ್ಲಿ ಬರುತ್ತಿದ್ದವು. ನಾಸಿಕದಲ್ಲಿ ಭದ್ರತಾ ಮುದ್ರಣಾಲಯ ಸ್ಥಾಪನೆಯಾದ ಮೇಲೆ, 1920ರ ದಶಕದ ನಡುಭಾಗದಿಂದ, ಮುದ್ರಣವು ಮತ್ತೆ ಈ ನೆಲಕ್ಕೆ ಮರಳಿತು.

ಮುದ್ರಣದ ಸ್ಥಳ ಬದಲಾದರೂ ಚಿತ್ರ ಬದಲಾಗಲಿಲ್ಲ. ವಿಕ್ಟೋರಿಯಾ, ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್, ಆರನೆಯ ಜಾರ್ಜ್ ಎಂಬ ನಾಲ್ವರ ಮುಖಗಳೇ ಸರದಿಯಲ್ಲಿ ಬಂದವು. 1931ರಲ್ಲಿ ನವದೆಹಲಿಯ ಉದ್ಘಾಟನೆಗಾಗಿ ಹೊರಟ ಆರು ಚೀಟಿಗಳು ಭಾರತದ ಮೊದಲ ಸ್ಮಾರಕ ಚೀಟಿಗಳು. ಅವುಗಳಲ್ಲಿ ಪುರಾನಾ ಕಿಲಾ, ಯುದ್ಧಸ್ಮಾರಕ ಕಮಾನು, ವೈಸರಾಯ್ ಭವನ ಮೊದಲಾದ ಕಟ್ಟಡಗಳಿದ್ದವು; ಅವುಗಳ ಪಕ್ಕದಲ್ಲಿ ದೊರೆಯ ತಲೆಯೂ ಇತ್ತು. 1937ರಿಂದ ಬಂದ ಆರನೆಯ ಜಾರ್ಜ್ ಸರಣಿಯಲ್ಲಿ ಅಂಚೆಯಾಳು, ಎತ್ತಿನಗಾಡಿ, ಟಾಂಗಾ, ಒಂಟೆಗಳು ಕಾಣಿಸಿಕೊಂಡವು. ಅಂಚೆಯಾಳಿಗೆ ಅಲ್ಲಿ ಹೆಸರಿರಲಿಲ್ಲ, ಅವನು ಒಂದು ‘ಮಾದರಿ’ ಮಾತ್ರ. ಹೆಸರುಳ್ಳ ಭಾರತೀಯನೊಬ್ಬನ ಮುಖಕ್ಕೆ ಆ ಚೌಕಟ್ಟಿನಲ್ಲಿ ಸ್ಥಳವಿರಲಿಲ್ಲ. ದೇಶೀಯ ಸಂಸ್ಥಾನಗಳು ತಮ್ಮ ಸ್ವಂತ ಚೀಟಿಗಳಲ್ಲಿ ಅರಸರ ಚಿತ್ರಗಳನ್ನು ಅಚ್ಚು ಹಾಕಿಸಿದ್ದುಂಟು, ಅದೂ ರಾಜಮುಖವೇ.

1947ರ ನವೆಂಬರ್ 21ರಂದು ಸ್ವತಂತ್ರ ಭಾರತದ ಮೊದಲ ಚೀಟಿ ಹೊರಬಿತ್ತು. ಮೂರೂವರೆ ಆಣೆಯ ಆ ಚೀಟಿಯ ಮೇಲೆ ರಾಷ್ಟ್ರಧ್ವಜವಿತ್ತು. ಡಿಸೆಂಬರ್ 15ರಂದು ಅಶೋಕನ ಸಿಂಹಶೀರ್ಷವುಳ್ಳ ಒಂದೂವರೆ ಆಣೆಯ ಚೀಟಿಯೂ ವಿಮಾನದ ಚಿತ್ರವುಳ್ಳ ಹನ್ನೆರಡು ಆಣೆಯ ಚೀಟಿಯೂ ಬಂದವು. ಮೂರರಲ್ಲಿಯೂ ‘ಜೈಹಿಂದ್’ ಎಂಬ ಘೋಷಣೆ ದೇವನಾಗರಿಯಲ್ಲಿತ್ತು. ಇಲ್ಲಿ ಒಂದು ಅಂಶ ಗಮನಾರ್ಹ. ರಾಜಮುಖವನ್ನು ತೆಗೆದ ಜಾಗದಲ್ಲಿ ಹೊಸ ರಾಷ್ಟ್ರವು ತಕ್ಷಣ ಮತ್ತೊಂದು ಮುಖವನ್ನು ಇಡಲಿಲ್ಲ; ಧ್ವಜ, ಶಿಲ್ಪ ಮತ್ತು ಯಂತ್ರಗಳನ್ನು ಇಟ್ಟಿತು. ಒಂಬತ್ತು ತಿಂಗಳ ಅನಂತರ ಆ ಜಾಗಕ್ಕೆ ಬಂದ ಮೊದಲ ಮನುಷ್ಯಮುಖ ಗಾಂಧಿಯದು. 1948ರ ಜನವರಿ 30ರ ಹತ್ಯೆಯ ಆರೂವರೆ ತಿಂಗಳ ಮೇಲೆ ಬಂದುದರಿಂದ ಸ್ವಾತಂತ್ರ್ಯೋತ್ಸವದ ಆ ಚೀಟಿಯು ಶೋಕಪತ್ರವೂ ಆಯಿತು. ಸಂಭ್ರಮ ಮತ್ತು ಸೂತಕ ಎರಡನ್ನೂ ಒಂದೇ ತುಣುಕು ಕಾಗದ ಹೊರಬೇಕಾಗಿ ಬಂದದ್ದು ಅದರ ವಿನ್ಯಾಸದ ಮೂಲಭೂತ ಇಕ್ಕಟ್ಟು.

2. ಮುದ್ರಣವಿಧಾನದ ಆಯ್ಕೆ

ಈ ಚೀಟಿಗಳನ್ನು ಮುದ್ರಿಸಿದ್ದು ಸ್ವಿಟ್ಜರ್ಲೆಂಡಿನ ಲಾ ಶೋ-ದ-ಫೋಂ ಎಂಬ, ಗಡಿಯಾರ ತಯಾರಿಕೆಗೆ ಹೆಸರಾದ ಊರಿನ ಕೂರ್ವಾಸಿಯೇ ಮುದ್ರಣಾಲಯ. ವಿಧಾನ ಫೋಟೊಗ್ರವೂರ್. ಭಾರತದ ಅಂಚೆಚೀಟಿಗೆ ಈ ವಿಧಾನ ಬಳಕೆಯಾದದ್ದು ಇದೇ ಮೊದಲು. ಸ್ವದೇಶಿಯ ಪ್ರಶ್ನೆಯನ್ನು ಎತ್ತುವ ಮೊದಲು ಈ ವಿಧಾನವು ಏನು ಮಾಡುತ್ತದೆ ಎಂಬುದನ್ನು ಅರಿಯುವುದು ಅವಶ್ಯ. ಇಲ್ಲಿ ತಂತ್ರ ಮತ್ತು ಅರ್ಥಗಳು ಬೇರೆ ಬೇರೆಯಾಗಿಲ್ಲ.

ನಾಸಿಕವು ಅಂದು ಬಳಸುತ್ತಿದ್ದ ವಿಧಾನಗಳಲ್ಲಿ ಲಿಥೋಗ್ರಫಿ ಮುಖ್ಯವಾದುದು. 1947ರ ಮೂರು ಚೀಟಿಗಳೂ ಅದರಲ್ಲಿಯೇ ಅಚ್ಚಾದವು. ಲಿಥೋಗ್ರಫಿಯ ಮುದ್ರಣಫಲಕ ಸಮತಲವಾದುದು. ಜಿಡ್ಡು ಮತ್ತು ನೀರು ಬೆರೆಯುವುದಿಲ್ಲವೆಂಬ ತತ್ತ್ವದ ಮೇಲೆ ಮಸಿಯು ಚಿತ್ರವಿರುವಲ್ಲಿ ಮಾತ್ರ ಹಿಡಿಯುತ್ತದೆ. ಹಿಡಿದ ಕಡೆಗಳಲ್ಲೆಲ್ಲ ಮಸಿಯ ಪದರದ ದಪ್ಪ ಒಂದೇ. ಧ್ವಜ, ಸಿಂಹಶೀರ್ಷ, ಕಟ್ಟಡಗಳಂತಹ ಸ್ಪಷ್ಟ ರೇಖೆಯ ಚಿತ್ರಗಳಿಗೆ ಇದು ಸಾಕು. ವೃದ್ಧನೊಬ್ಬನ ಮುಖದ ಸುಕ್ಕು, ಕೆನ್ನೆಯ ಕುಳಿ, ಕನ್ನಡಕದ ಹಿಂದಿನ ಕಣ್ಣುಗಳಿಗೆ ಬೇಕಾದ ಬೆಳಕು-ನೆರಳಿನ ಸೂಕ್ಷ್ಮ ಏರಿಳಿತವನ್ನು ಹೆಬ್ಬೆರಳಿನಷ್ಟು ಜಾಗದಲ್ಲಿ ತರಲು ಅದು ಸುಲಭವಾದ ದಾರಿಯಲ್ಲ.

ಫೋಟೊಗ್ರವೂರ್ ಇದಕ್ಕೆ ವಿರುದ್ಧವಾದ ತತ್ತ್ವದ್ದು. ಮೂಲ ಛಾಯಾಚಿತ್ರದಿಂದ ಪಾರದರ್ಶಕ ಪಾಸಿಟಿವ್ ತೆಗೆದು, ಅದನ್ನು ಹಾಳೆಯೊಂದರಲ್ಲಿ ಎಷ್ಟು ಚೀಟಿಗಳಿರಬೇಕೋ ಅಷ್ಟು ಬಾರಿ ಸಾಲಾಗಿ ಮರುಚಿತ್ರಿಸಲಾಗುತ್ತದೆ. ಜಿಲೆಟಿನ್ ಲೇಪಿಸಿದ ವಿಶೇಷ ಕಾಗದದ ಮೇಲೆ ಮೊದಲು ನವಿರಾದ ಚೌಕಳಿ ಜಾಲವನ್ನೂ ಬಳಿಕ ಈ ಪಾಸಿಟಿವನ್ನೂ ಇಟ್ಟು ಬೆಳಕು ಹಾಯಿಸುತ್ತಾರೆ. ಬೆಳಕು ಹೆಚ್ಚು ಬಿದ್ದಲ್ಲಿ ಜಿಲೆಟಿನ್ ಗಟ್ಟಿಯಾಗುತ್ತದೆ, ಕಡಿಮೆ ಬಿದ್ದಲ್ಲಿ ಮೆತ್ತಗೇ ಉಳಿಯುತ್ತದೆ. ಆ ಪದರವನ್ನು ತಾಮ್ರದ ಮೇಲ್ಮೈಗೆ ವರ್ಗಾಯಿಸಿ, ಮೆತ್ತನೆಯ ಭಾಗವನ್ನು ಬಿಸಿನೀರಿನಲ್ಲಿ ತೊಳೆದು, ತಾಮ್ರವನ್ನು ಕೊರೆಯುವ ರಾಸಾಯನಿಕವನ್ನು ಹಾಯಿಸಿದಾಗ, ಚಿತ್ರದ ಕಪ್ಪು ಭಾಗಗಳಲ್ಲಿ ಆಳವಾದ, ತಿಳಿ ಭಾಗಗಳಲ್ಲಿ ಆಳವಿಲ್ಲದ ಸಾವಿರಾರು ಪುಟ್ಟ ಗುಳಿಗಳು ಮೂಡುತ್ತವೆ. ಮಸಿ ಸವರಿ, ಮೇಲ್ಮೈಯನ್ನು ಉಕ್ಕಿನ ಅಲಗಿನಿಂದ ಒರೆಸಿ, ಕಾಗದವನ್ನು ಒತ್ತಿದರೆ ಗುಳಿಯಲ್ಲಿ ಉಳಿದ ಮಸಿ ಕಾಗದಕ್ಕೆ ಏರುತ್ತದೆ. ಆಳ ಹೆಚ್ಚಿದ್ದಲ್ಲಿ ಮಸಿ ಹೆಚ್ಚು, ಆಳ ಕಡಿಮೆಯಿದ್ದಲ್ಲಿ ಮಸಿ ತೆಳು. ಹೀಗಾಗಿ ಒಂದೇ ಬಣ್ಣದಲ್ಲಿ ಛಾಯಾಚಿತ್ರದ ಎಲ್ಲ ಮಜಲುಗಳೂ ದೊರೆಯುತ್ತವೆ.

ಅಂಚೆಚೀಟಿಗಳಿಗೆ ಈ ವಿಧಾನವನ್ನು ಮೊದಲು ಬಳಸಿದ್ದು 1914ರಲ್ಲಿ ಬವೇರಿಯಾ. ಬ್ರಿಟನ್ ಬಳಸಿದ್ದು 1934ರಲ್ಲಿ. 1948ರಲ್ಲಿ ನಾಸಿಕದ ಚೀಟಿಗಳು ಈ ವಿಧಾನದವಾಗಿರಲಿಲ್ಲ. ಗಾಂಧಿಯ ಮುಖವನ್ನು ಛಾಯಾಚಿತ್ರದ ಸಾಮೀಪ್ಯದಲ್ಲಿ ಕಾಣಿಸಬೇಕೆಂದರೆ ಹೊರಗೆ ಹೋಗದೆ ಅನ್ಯಮಾರ್ಗವಿರಲಿಲ್ಲ. ದೇಶದೊಳಗೇ ಅಚ್ಚಾಗಬೇಕೆಂದರೆ ರೇಖಾಪ್ರಧಾನವಾದ ಚಿತ್ರದಿಂದ ತೃಪ್ತರಾಗಬೇಕಿತ್ತು. ಸರ್ಕಾರವು ಮೊದಲನೆಯದನ್ನು ಆರಿಸಿಕೊಂಡಿತು. ಸ್ವದೇಶಿ ತತ್ತ್ವದ ದೃಷ್ಟಿಯಿಂದ ಇದು ಪ್ರಶ್ನಾರ್ಹವೇ. ಆದರೆ ಈ ಆಯ್ಕೆಯನ್ನು ಕೇವಲ ವ್ಯಂಗ್ಯವೆಂದು ಕೈಬಿಡುವುದು ಸರಿಯಲ್ಲ. ರಾಜಮುಖಗಳು ಅಂಚೆಚೀಟಿಯಲ್ಲಿ ನಾಣ್ಯದ ಮಾದರಿಯ ಪಾರ್ಶ್ವಮುಖಗಳಾಗಿದ್ದವು. ಅವು ವ್ಯಕ್ತಿಯ ಮುಖಕ್ಕಿಂತ ಹೆಚ್ಚಾಗಿ ಅಧಿಕಾರದ ಮುದ್ರೆಗಳು. ಗಾಂಧಿಯನ್ನು ಅದೇ ಅಚ್ಚಿನಲ್ಲಿ ಹಾಕಿದ್ದರೆ ಅವರೂ ಇನ್ನೊಬ್ಬ ದೊರೆಯಂತೆ ಕಾಣುವ ಅಪಾಯವಿತ್ತು. ಫೋಟೊಗ್ರವೂರ್ ನೀಡಿದ ಮೃದುವಾದ ಛಾಯೆಯು ಅವರನ್ನು ಮುದ್ರೆಯಾಗಲು ಬಿಡದೆ ವಯಸ್ಸಾದ, ಸಮೀಪದ ಮನುಷ್ಯನನ್ನಾಗಿ ಉಳಿಸಿತು. ಮುಖವು ಸ್ವದೇಶಿ ಕಾಣಲೆಂದು ಯಂತ್ರವು ವಿದೇಶಿಯಾಯಿತು ಎಂಬುದು ಈ ಇಕ್ಕಟ್ಟಿನ ಸರಿಯಾದ ವಿವರಣೆ.

3. ನಾಲ್ಕು ಚೀಟಿಗಳ ರಚನೆ

ಈ ಗುಚ್ಛದ ನಾಲ್ಕು ಚೀಟಿಗಳ ಮೌಲ್ಯ ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ ಮತ್ತು ಹತ್ತು ರೂಪಾಯಿ. ಮೊದಲನೆಯದು ಕಂದು, ಎರಡನೆಯದು ನೇರಳೆ, ಮೂರನೆಯದು ಬೂದುಹಸಿರು. ಈ ಮೂರೂ ಏಕವರ್ಣದವು. ಹತ್ತು ರೂಪಾಯಿಯ ಚೀಟಿ ಮಾತ್ರ ನೇರಳೆಗಂದು ಮತ್ತು ಅರಗಿನ ಕೆಂಪು ಎಂಬ ಎರಡು ಬಣ್ಣಗಳದ್ದು. ಅದರ ವಿನ್ಯಾಸವೂ ಬೇರೆ. ಎರಡು ಬಣ್ಣವೆಂದರೆ ಎರಡು ಅಚ್ಚು. ಒಂದರ ಮೇಲೊಂದು ಕೂದಲೆಳೆಯಷ್ಟೂ ಜರುಗದಂತೆ ಕೂರಬೇಕಾದ ಕೆಲಸ. ಅಂಚಿನ ರಂಧ್ರಗಳು ಸಂಗ್ರಾಹಕರ ಲೆಕ್ಕದಲ್ಲಿ ‘ಹನ್ನೊಂದೂವರೆ’, ಅಂದರೆ ಎರಡು ಸೆಂಟಿಮೀಟರ್ ಉದ್ದದಲ್ಲಿ ಹನ್ನೊಂದೂವರೆ ರಂಧ್ರಗಳು.

ಮೌಲ್ಯಗಳ ಆಯ್ಕೆಯಲ್ಲಿಯೂ ಅರ್ಥವಿದೆ. ಮೊದಲ ಮೂರು 1947ರ ಚೀಟಿಗಳ ಮೌಲ್ಯಗಳೇ. ಸ್ಥೂಲವಾಗಿ ಅವು ಒಳನಾಡಿನ ಕಾಗದ, ಹೊರದೇಶದ ಕಾಗದ ಮತ್ತು ವಿಮಾನದ ಅಂಚೆ ಎಂಬ ಮೂರು ವಲಯಗಳಿಗೆ ಸಂಬಂಧಿಸಿದವು. ನಾಡು, ಲೋಕ, ಆಕಾಶ ಎಂಬ ಮೂರು ದಾರಿಗಳಲ್ಲಿ ಗಾಂಧಿಯ ಮುಖ ಸಂಚರಿಸಬೇಕೆಂಬ ಆಶಯ ಇಲ್ಲಿದೆ. ಹತ್ತು ರೂಪಾಯಿಯ ಚೀಟಿ ಈ ತರ್ಕಕ್ಕೆ ಒಳಪಡುವುದಿಲ್ಲ. ರೂಪಾಯಿಗೆ ಹದಿನಾರು ಆಣೆಯ ಆ ಕಾಲದಲ್ಲಿ ಹತ್ತು ರೂಪಾಯಿ ಎಂದರೆ ನೂರ ಅರುವತ್ತು ಆಣೆ. ಒಂದೂವರೆ ಆಣೆಯ ನೂರಾ ಆರು ಚೀಟಿಗಳನ್ನು ಕೊಂಡ ಮೇಲೂ ಅದರಲ್ಲಿ ಒಂದಾಣೆ ಉಳಿಯುತ್ತಿತ್ತು. ಬಂದ ಲಕೋಟೆಗಳ ಒಳಮೈಯನ್ನೇ ಬರೆಯಲು ಬಳಸುತ್ತಿದ್ದ ವ್ಯಕ್ತಿಯ ಸ್ಮರಣೆಗೆ ಇಷ್ಟು ದುಬಾರಿ ಚೀಟಿಯನ್ನು ಹೊರಡಿಸಿದ್ದು ಅಂಚೆಯ ಅಗತ್ಯಕ್ಕಿಂತ ಹೆಚ್ಚಾಗಿ ಗೌರವದ ಪ್ರದರ್ಶನ. ಸ್ಮಾರಕ ಚೀಟಿಯೊಳಗೆ ಬಳಕೆಯ ವಸ್ತು ಮತ್ತು ಸಂಗ್ರಹದ ವಸ್ತು ಎಂಬ ಎರಡು ಪ್ರವೃತ್ತಿಗಳಿರುತ್ತವೆ. ಈ ಗುಚ್ಛದಲ್ಲಿ ಅವೆರಡೂ ಅಕ್ಕಪಕ್ಕ ನಿಂತಿವೆ.

4. ಲಿಪಿಯ ಪ್ರಶ್ನೆ

ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ದೇಶದ ಹೆಸರು, ಗಾಂಧಿಯ ಹೆಸರು ಮತ್ತು ಅವರ ಜನನ-ಮರಣಗಳ ದಿನಾಂಕಗಳಿವೆ. ಇವು ಮಾಹಿತಿಯ ಭಾಗ. ಇದರ ಜೊತೆಗೆ ‘ಬಾಪೂ’ ಎಂಬ ಸಂಬೋಧನೆ ದೇವನಾಗರಿಯಲ್ಲಿ ಒಮ್ಮೆ, ಉರ್ದು ಲಿಪಿಯಲ್ಲಿ ಒಮ್ಮೆ ಬಂದಿದೆ. ‘ಮಹಾತ್ಮ’ ಎಂಬುದು ಲೋಕ ಕೊಟ್ಟ ಬಿರುದು. ‘ಬಾಪು’ ಎಂಬುದು ತಂದೆ ಎಂಬರ್ಥದ ಮನೆಮಾತಿನ ಕರೆ. ಬಿರುದು ಇಂಗ್ಲಿಷಿನಲ್ಲಿಯೂ ಕರೆಯು ದೇಶೀಯ ಲಿಪಿಗಳಲ್ಲಿಯೂ ಇರುವುದು ಲಕ್ಷಿಸತಕ್ಕ ಸಂಗತಿ. ಪ್ರಭುತ್ವ ಹೊರಡಿಸಿದ ಅಧಿಕೃತ ಪತ್ರವೊಂದರ ಮೇಲೆ ಸಂಬಂಧವಾಚಕವು ಹೆಸರಿನ ಸ್ಥಾನವನ್ನು ಪಡೆದಿದೆ.

ಇನ್ನೊಂದು ಸೂಕ್ಷ್ಮವೂ ಇದೆ. ಗುಜರಾತಿಯಲ್ಲಿ ಈ ಪದದ ಕೊನೆಯ ಸ್ವರ ಹ್ರಸ್ವ: ‘ಬಾಪು’. ಹಿಂದಿಯ ರೂಢಿಯಲ್ಲಿ ಅದು ದೀರ್ಘ: ‘ಬಾಪೂ’. ಚೀಟಿಯ ದೇವನಾಗರಿ ಬರಹವು ಹಿಂದಿಯ ರೂಪವನ್ನು ಅನುಸರಿಸಿದೆ. ಗುಜರಾತಿನ ಮನೆಯ ಪದವೊಂದು ರಾಷ್ಟ್ರದ ಪದವಾಗುವಾಗ ಒಂದು ಮಾತ್ರೆಯಷ್ಟು ಉದ್ದವಾಗಿದೆ. ಕನ್ನಡದಲ್ಲಿ ‘ಬಾಪು’, ‘ಬಾಪೂ’, ‘ಬಾಪೂಜಿ’ ಎಂಬ ರೂಪಗಳು ಒಟ್ಟಿಗೇ ಬಳಕೆಯಲ್ಲಿರುವುದಕ್ಕೂ ಈ ಎರಡು ಮೂಲಗಳ ಹಿನ್ನೆಲೆಯಿದೆ.

ಎರಡು ಲಿಪಿಗಳ ಬಳಕೆ ಅಲಂಕಾರಕ್ಕಾಗಿ ಬಂದುದಲ್ಲ ಎಂಬುದು ಗಾಂಧಿಯ ಭಾಷಾನೀತಿಯನ್ನು ನೆನೆದರೆ ಸ್ಪಷ್ಟವಾಗುತ್ತದೆ. ರಾಷ್ಟ್ರದ ಸಂಪರ್ಕಭಾಷೆಯು ಸಂಸ್ಕೃತಭೂಯಿಷ್ಠವಾದ ಹಿಂದಿಯೂ ಅಲ್ಲದ, ಪಾರಸೀಭೂಯಿಷ್ಠವಾದ ಉರ್ದುವೂ ಅಲ್ಲದ ‘ಹಿಂದೂಸ್ಥಾನಿ’ಯಾಗಬೇಕು, ಅದನ್ನು ನಾಗರಿ ಮತ್ತು ಉರ್ದು ಎರಡೂ ಲಿಪಿಗಳಲ್ಲಿ ಬರೆಯಬೇಕು ಎಂಬುದು ಅವರ ನಿಲುವಾಗಿತ್ತು. ಇದಕ್ಕಾಗಿಯೇ 1942ರಲ್ಲಿ ವಾರ್ಧಾದಲ್ಲಿ ಹಿಂದೂಸ್ಥಾನಿ ಪ್ರಚಾರ ಸಭೆ ಹುಟ್ಟಿತು. ತಾವು 1918ರಲ್ಲಿಯೂ 1935ರಲ್ಲಿಯೂ ಅಧ್ಯಕ್ಷತೆ ವಹಿಸಿದ್ದ ಹಿಂದಿ ಸಾಹಿತ್ಯ ಸಮ್ಮೇಳನದಿಂದ ಅವರು 1945ರಲ್ಲಿ ಹೊರಬಂದದ್ದು ಈ ಎರಡು ಲಿಪಿಗಳ ಪ್ರಶ್ನೆಯ ಮೇಲೆಯೇ. ದೇಶವಿಭಜನೆಯ ತರುವಾಯ ಈ ನಿಲುವಿಗೆ ಬೆಂಬಲ ಕುಗ್ಗಿತು. ಸಂವಿಧಾನ ರಚನಾಸಭೆಯು 1949ರ ಸೆಪ್ಟೆಂಬರ್ 14ರಂದು ದೇವನಾಗರಿ ಲಿಪಿಯ ಹಿಂದಿಯನ್ನು ಒಕ್ಕೂಟದ ಅಧಿಕೃತ ಭಾಷೆಯೆಂದು ಅಂಗೀಕರಿಸಿತು. ಅದು 343ನೆಯ ವಿಧಿಯಾಗಿ ಸಂವಿಧಾನದಲ್ಲಿ ಸೇರಿತು.

ಈ ಕಾಲಾನುಕ್ರಮದಲ್ಲಿ ಚೀಟಿಯ ಸ್ಥಾನವನ್ನು ಗುರುತಿಸಬೇಕು. 1947ರ ಚೀಟಿಗಳ ಘೋಷಣೆಗೆ ಬಳಕೆಯಾದ ಭಾರತೀಯ ಲಿಪಿ ನಾಗರಿ. 1949ರ ಸಂವಿಧಾನಸಭೆಯ ತೀರ್ಮಾನದಲ್ಲಿಯೂ ನಾಗರಿ. ಇವೆರಡರ ನಡುವೆ, 1948ರ ಆಗಸ್ಟಿನಲ್ಲಿ, ಭಾರತ ಸರ್ಕಾರದ ಚೀಟಿಯೊಂದು ಎರಡು ಲಿಪಿಗಳನ್ನು ಸಮಾನವಾಗಿ ಧರಿಸಿತು. ಗಾಂಧಿಯ ಭಾಷಾನೀತಿಯು ಸೋಲುತ್ತಿದ್ದ ಕಾಲದಲ್ಲಿಯೇ ಅದಕ್ಕೆ ಹೆಬ್ಬೆರಳಿನಷ್ಟು ಅಧಿಕೃತ ಜಾಗ ದೊರೆಯಿತು. ಮುಖವನ್ನು ಯಾರ ಸ್ಮಾರಕಕ್ಕಾದರೂ ಇಡಬಹುದು. ಈ ಎರಡು ಬರಹಗಳನ್ನು ಗಾಂಧಿಯ ಸ್ಮಾರಕದಲ್ಲಿ ಮಾತ್ರ ಇಡಲು ಸಾಧ್ಯವಿತ್ತು.

ಒಂದೇ ಪಠ್ಯವನ್ನು ಎರಡು ಲಿಪಿಗಳಲ್ಲಿ ಬರೆಯುವ ಪರಂಪರೆ ಕನ್ನಡ ವಿದ್ವಾಂಸರಿಗೆ ಅಪರಿಚಿತವಲ್ಲ. ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮನ ಕಾಲದ, ಕ್ರಿ.ಶ. 754ರ ಪಟ್ಟದಕಲ್ಲಿನ ಸ್ತಂಭಶಾಸನದಲ್ಲಿ ಸಂಸ್ಕೃತ ಪಠ್ಯವನ್ನು ಉತ್ತರದ ಸಿದ್ಧಮಾತೃಕಾ ಲಿಪಿಯಲ್ಲಿಯೂ ಸ್ಥಳೀಯ ಕನ್ನಡ-ತೆಲುಗು ಲಿಪಿಯಲ್ಲಿಯೂ ಕೆತ್ತಲಾಗಿದೆ. ಉತ್ತರ ಮತ್ತು ದಕ್ಷಿಣದ ಓದುಗರಿಬ್ಬರನ್ನೂ ಆ ಕಂಬ ಉದ್ದೇಶಿಸಿದಂತಿದೆ. ಎರಡರ ನಡುವೆ ಸಾಮ್ಯವಿರುವಂತೆ ಅಂತರವೂ ಇದೆ. ಪಟ್ಟದಕಲ್ಲಿನ ಕಂಬದಲ್ಲಿ ಎರಡು ಲಿಪಿಗಳು ಎರಡು ಪ್ರದೇಶಗಳನ್ನು ಪ್ರತಿನಿಧಿಸುತ್ತವೆ. ದಕ್ಷಿಣದ ಓದುಗನಿಗೆ ಅಲ್ಲಿ ಸ್ವಂತ ಲಿಪಿಯಿದೆ. 1948ರ ಚೀಟಿಯಲ್ಲಿ ಎರಡು ಲಿಪಿಗಳು ಎರಡು ಸಮುದಾಯಗಳ ನಡುವಿನ ಸೌಹಾರ್ದವನ್ನು ಸೂಚಿಸುತ್ತವೆ. ಆ ಸೌಹಾರ್ದದ ಭೂಪಟ ಮಾತ್ರ ಬಹುಮಟ್ಟಿಗೆ ಉತ್ತರ ಭಾರತದ್ದು.

5. ಕನ್ನಡದ ಲಕೋಟೆ

ಈ ಹಂತದಲ್ಲಿ ಕನ್ನಡ ಓದುಗನ ಸ್ಥಾನವನ್ನು ಕುರಿತ ಪ್ರಶ್ನೆ ಸಹಜವಾಗಿ ಏಳುತ್ತದೆ. 1948ರ ಆಗಸ್ಟಿನಲ್ಲಿ ಕನ್ನಡಿಗರು ಮೈಸೂರು, ಮುಂಬಯಿ ಪ್ರಾಂತ, ಮದ್ರಾಸು ಪ್ರಾಂತ, ಹೈದರಾಬಾದು ಮತ್ತು ಕೊಡಗು ಎಂಬ ಆಡಳಿತಗಳಲ್ಲಿ ಹಂಚಿಹೋಗಿದ್ದರು. ಮೈಸೂರು ಸಂಸ್ಥಾನಕ್ಕೆ ಹಿಂದೆ ಸ್ವಂತ ಅಂಚೆಯಿತ್ತು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯೊಂದಿಗೆ ವಿಲೀನವಾಗಿದ್ದುದರಿಂದ ಮೈಸೂರಿನವರಿಗೂ ಭಾರತ ಸರ್ಕಾರದ ಚೀಟಿಯೇ ದೊರೆಯುತ್ತಿತ್ತು. ಸಂಸ್ಥಾನದ ಅಂಚೆ ಹೋದರೂ ‘ಅಂಚೆ’ ಎಂಬ ಪದ ಉಳಿಯಿತು. ಮುಂಬಯಿ ಕರ್ನಾಟಕದ ‘ಟಪಾಲು’ ಅದರ ಜೊತೆಗೇ ಬಾಳಿತು. ಗುಲಬರ್ಗಾ, ಬೀದರ, ರಾಯಚೂರುಗಳ ಸ್ಥಿತಿ ಬೇರೆಯದು. ಆ ಆಗಸ್ಟ್ 15ರಂದು ಹೈದರಾಬಾದು ಸಂಸ್ಥಾನ ಇನ್ನೂ ಭಾರತವನ್ನು ಸೇರಿರಲಿಲ್ಲ. ಸೇನಾ ಕಾರ್ಯಾಚರಣೆ ನಡೆದದ್ದು ಸೆಪ್ಟೆಂಬರ್ ತಿಂಗಳಿನಲ್ಲಿ. ನಿಜಾಮರ ಅಂಚೆಯ ಸ್ವಂತ ಚೀಟಿಗಳು ಅಲ್ಲಿ ಚಲಾವಣೆಯಲ್ಲಿದ್ದವು. ರಾಷ್ಟ್ರದ ಬಾಪೂ ಒಂದು ಭಾಗದ ಕನ್ನಡಿಗರಿಗೆ ಅಂದು ಇನ್ನೊಂದು ಆಡಳಿತದ ಚೀಟಿಯಾಗಿದ್ದರು.

ಭಾರತದ ಅಂಚೆಯಿದ್ದ ಕನ್ನಡದ ಊರುಗಳಲ್ಲಿ ಈ ಚೀಟಿ ಅಂಟಿದ ಲಕೋಟೆಯನ್ನು ಒಂದು ಸಮಗ್ರ ಪಠ್ಯವಾಗಿ ನೋಡಬೇಕು. ಬಲತುದಿಯಲ್ಲಿ ಇಂಗ್ಲಿಷ್, ನಾಗರಿ, ಉರ್ದು ಬರಹಗಳುಳ್ಳ ಚೀಟಿ. ಅದರ ಮೇಲೆ ಅಂಚೆಕಚೇರಿಯ ಮೊಹರು. ನಡುವೆ ಕಾಗದ ಬರೆದವನ ಕೈಬರಹದಲ್ಲಿ ಕನ್ನಡದ ವಿಳಾಸ. ಪ್ರಭುತ್ವದ ಮೂಲೆಯಲ್ಲಿ ಕನ್ನಡವಿಲ್ಲ, ಪ್ರಜೆಯ ಬರಹದಲ್ಲಿ ಇದೆ. ಸ್ಥಳಾಭಾವವನ್ನು ಕಾರಣವಾಗಿ ಹೇಳಬಹುದಾದರೂ ಅದು ಪೂರ್ಣ ಉತ್ತರವಲ್ಲ. ವಸಾಹತುಕಾಲದ ಕಾಗದದ ನೋಟುಗಳಲ್ಲಿಯೇ ಕನ್ನಡವೂ ಸೇರಿ ಹಲವು ದೇಶಭಾಷೆಗಳಲ್ಲಿ ಮೌಲ್ಯ ನಮೂದಾಗುತ್ತಿತ್ತು. ನೋಟಿಗೆ ನಂಬಿಕೆ ಬೇಕು. ಓದಲಾಗದ ನೋಟನ್ನು ಯಾರೂ ತೆಗೆದುಕೊಳ್ಳಲಾರರು. ಚೀಟಿಯನ್ನು ಚಿತ್ರ ಮತ್ತು ಬಣ್ಣಗಳಿಂದ ಗುರುತಿಸಿದರೆ ಸಾಕು. ಹೀಗಾಗಿ ನೋಟು ಬಹುಭಾಷಿಕವಾಯಿತು, ಚೀಟಿ ಸಂಕೇತಭಾಷೆಯನ್ನು ಆರಿಸಿಕೊಂಡಿತು.

ಗಾಂಧಿಯ ವಿಚಾರದಲ್ಲಿ ಪ್ರಾಂತಭಾಷೆಗಳಿಗೆ ಸ್ಥಾನವಿರಲಿಲ್ಲವೆಂದು ಇದರಿಂದ ತೀರ್ಮಾನಿಸುವುದು ತಪ್ಪಾಗುತ್ತದೆ. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷಾನುಸಾರ ಪ್ರಾಂತಸಮಿತಿಗಳನ್ನು ರಚಿಸಲು ನಿರ್ಧರಿಸಿದ್ದು ಅವರ ನೇತೃತ್ವದಲ್ಲಿ; ಕರ್ನಾಟಕಕ್ಕೆ ಪ್ರತ್ಯೇಕ ಸಮಿತಿ ದೊರೆತದ್ದು ಅದರಿಂದಲೇ. ಅವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದೂ ಕನ್ನಡದ ನೆಲದಲ್ಲಿ, 1924ರ ಬೆಳಗಾವಿಯಲ್ಲಿ. ಚೀಟಿಯು ಗಾಂಧಿಯ ಭಾಷಾನೀತಿಯ ಒಂದು ಮುಖವನ್ನು ಉಳಿಸಿಕೊಂಡು ಇನ್ನೊಂದನ್ನು ಬಿಟ್ಟಿದೆ. ಸ್ಮಾರಕವೆಂದರೆ ಸ್ಮರಣೆಯೂ ಹೌದು, ಆಯ್ಕೆಯೂ ಹೌದು.

6. ‘ಸರ್ವೀಸ್’ ಮೇಲ್ಮುದ್ರಣ

ಸರ್ಕಾರಿ ಕಚೇರಿಗಳ ಪತ್ರವ್ಯವಹಾರಕ್ಕೆ ಬಳಸುವ ಚೀಟಿಗಳ ಮೇಲೆ ‘ಸರ್ವೀಸ್’ ಎಂದು ಇಂಗ್ಲಿಷಿನಲ್ಲಿ ಮೇಲ್ಮುದ್ರಿಸುವ ಪದ್ಧತಿ ವಸಾಹತುಕಾಲದಿಂದ ಬಂದದ್ದು. ಗಾಂಧಿ ಚೀಟಿಗಳ ಕೆಲವು ಪ್ರತಿಗಳ ಮೇಲೂ ಈ ಪದವನ್ನು ಒತ್ತಲಾಯಿತು. ಇವು ಗವರ್ನರ್ ಜನರಲ್ ಕಚೇರಿಯ ಬಳಕೆಗೆ ಮೀಸಲಾದವು. 1948ರ ಜೂನ್ ತಿಂಗಳಿನಿಂದ ಆ ಸ್ಥಾನದಲ್ಲಿದ್ದವರು ಸಿ. ರಾಜಗೋಪಾಲಾಚಾರಿ. ಹತ್ತು ರೂಪಾಯಿಯ ಚೀಟಿಯಲ್ಲಿ ಇಂತಹ ಪ್ರತಿಗಳು 100 ಮಾತ್ರ. ಅವು ಜಗತ್ತಿನ ಅತಿ ವಿರಳ ಚೀಟಿಗಳ ಸಾಲಿಗೆ ಸೇರಿವೆ. 2017ರಲ್ಲಿ ಅಂತಹ ನಾಲ್ಕು ಚೀಟಿಗಳ ಒಂದು ಪಟ್ಟಿ ಬ್ರಿಟನ್ನಿನಲ್ಲಿ 5 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು.

ಪಠ್ಯದ ದೃಷ್ಟಿಯಿಂದ ಇಲ್ಲಿ ಕುತೂಹಲಕರವಾದ ಪಲ್ಲಟವಿದೆ. ‘ಬಾಪೂ’ ಎಂಬ ಆತ್ಮೀಯ ಕರೆಯಿದ್ದ ಚೀಟಿಯ ಮೇಲೆ ‘ಸರ್ವೀಸ್’ ಎಂಬ ಕಚೇರಿಯ ಪದ ಬಂದು ಕುಳಿತಾಗ ಅದು ಜನರಿಂದ ದೂರವಾಯಿತು. ‘ಸೇವೆ’ ಎಂಬುದು ಗಾಂಧಿಯ ಬದುಕಿನ ಕೇಂದ್ರಶಬ್ದವೂ ಹೌದು. ಅದೇ ಪದದ ಇಂಗ್ಲಿಷ್ ರೂಪ ಇಲ್ಲಿ ಸರ್ಕಾರಿ ಸೌಲಭ್ಯದ ಗುರುತಾಗಿದೆ. ಲಕ್ಷಗಳ ಬೆಲೆ ದೊರೆತದ್ದು ಈ ಅಧಿಕಾರಚಿಹ್ನೆಯುಳ್ಳ ಪ್ರತಿಗೆ. ಸಾಮಾನ್ಯನ ಕಾಗದದ ಮೇಲೆ ಊರೂರು ಸುತ್ತಿದ ಒಂದೂವರೆ ಆಣೆಯ ಕಂದು ಚೀಟಿಯು ತನ್ನ ಕೆಲಸವನ್ನು ಮುಗಿಸಿ ಮರೆಯಾಯಿತು.

7. ನಂತರದ ಪರಿಣಾಮಗಳು

1948ರ ಪ್ರಯೋಗವು ಅಲ್ಲಿಗೇ ನಿಲ್ಲಲಿಲ್ಲ. 1949ರ ಆಗಸ್ಟ್ 15ರಂದು ಬಂದ ಪುರಾತತ್ತ್ವ ಸರಣಿಯಲ್ಲಿ ಸಾಂಚಿ, ಕೋಣಾರ್ಕ, ತಾಜಮಹಲುಗಳ ಜೊತೆಗೆ ವಿಜಾಪುರದ ಗೋಲಗುಂಬಜವೂ ಆರು ಆಣೆಯ ಚೀಟಿಯಾಗಿ ಬಂತು. 1950ರ ಜನವರಿ 26ರ ಗಣರಾಜ್ಯ ಚೀಟಿಗಳಲ್ಲಿ ಹನ್ನೆರಡು ಆಣೆಯದರ ಮೇಲೆ ಚರಕವಿತ್ತು. ಇವು ನಾಸಿಕದಲ್ಲಿ ಲಿಥೋಗ್ರಫಿಯಿಂದ ಅಚ್ಚಾದವು. ರೇಖೆಗಳಿಂದ ತೃಪ್ತವಾಗುವ ಚರಕಕ್ಕೆ ನಾಸಿಕ ಸಾಕಾಯಿತು, ನೂಲುವವನ ಮುಖಕ್ಕೆ ಸಾಕಾಗಿರಲಿಲ್ಲ.

ನಾಸಿಕವು ಫೋಟೊಗ್ರವೂರ್ ವಿಧಾನದ ಚೀಟಿಗಳನ್ನು ಹೊರತಂದದ್ದು 1952ರ ಅಕ್ಟೋಬರ್ 1ರ ‘ಸಂತರು ಮತ್ತು ಕವಿಗಳು’ ಸರಣಿಯಿಂದ. ಈ ವಿಧಾನಕ್ಕೆ ಮೊದಲು ಆರಿಸಿದ ವಸ್ತು ಸಾಹಿತ್ಯವೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಸಂತೋಷ ತರಬೇಕಾದ ಸಂಗತಿ. ಆದರೆ ಆರಿಸಲಾದ ಆರು ಮಂದಿ ಕಬೀರ, ತುಳಸೀದಾಸ, ಮೀರಾ, ಸೂರದಾಸ, ಗಾಲಿಬ್ ಮತ್ತು ರವೀಂದ್ರನಾಥ ಠಾಕೂರರು. ದ್ರಾವಿಡ ಭಾಷೆಗಳ ಒಬ್ಬ ಕವಿಯೂ ಆ ಪಟ್ಟಿಯಲ್ಲಿಲ್ಲ. 1960ರಲ್ಲಿ ತಿರುವಳ್ಳುವರ್ ಮತ್ತು ಸುಬ್ರಹ್ಮಣ್ಯ ಭಾರತಿ, 1964ರಲ್ಲಿ ಪುರಂದರದಾಸರು, 1967ರಲ್ಲಿ ಬಸವೇಶ್ವರರು ಚೀಟಿಗಳಲ್ಲಿ ಬಂದರು. 1948ರ ಚೀಟಿಯ ಲಿಪಿಭೂಪಟದಲ್ಲಿ ಕಂಡ ಮಿತಿಯೇ 1952ರ ಸಾಹಿತ್ಯಭೂಪಟದಲ್ಲಿಯೂ ಮುಂದುವರಿದದ್ದನ್ನು ಗಮನಿಸಬಹುದು. ಇನ್ನೊಂದು ಅಂಶವೂ ಇದೆ. ಗಾಂಧಿಯ ಚೀಟಿಯಲ್ಲಿ ಫೋಟೊಗ್ರವೂರ್ ಇದ್ದ ಮುಖವನ್ನು ತೋರಿಸಿತು. ಕಬೀರ, ಮೀರಾ, ಸೂರದಾಸರಿಗೆ ಛಾಯಾಚಿತ್ರವಿರಲು ಸಾಧ್ಯವಿರಲಿಲ್ಲ. ಕಲ್ಪಿತ ಮುಖಗಳಿಗೂ ಅದೇ ವಿಧಾನವು ಛಾಯಾಚಿತ್ರದ ಖಚಿತತೆಯನ್ನು ತಂದುಕೊಟ್ಟಿತು. ಪಠ್ಯಪುಸ್ತಕಗಳಲ್ಲಿ ಪ್ರಾಚೀನ ಕವಿಗಳ ‘ಭಾವಚಿತ್ರ’ಗಳನ್ನು ಬಳಸುವ ಅಧ್ಯಾಪಕರು ಯೋಚಿಸಬೇಕಾದ ವಿಷಯವಿದು.

ಸ್ವದೇಶಿಯ ಪ್ರಶ್ನೆಗೆ ಅಂಚೆ ಇಲಾಖೆಯು ಬಹುಕಾಲದ ಮೇಲೆ ಒಂದು ಬಗೆಯ ಉತ್ತರ ನೀಡಿತು. 2011ರ ಫೆಬ್ರವರಿಯಲ್ಲಿ ನವದೆಹಲಿಯ ಅಂತರರಾಷ್ಟ್ರೀಯ ಅಂಚೆಚೀಟಿ ಪ್ರದರ್ಶನದಲ್ಲಿ ಖಾದಿ ಬಟ್ಟೆಯ ಮೇಲೆ ಮುದ್ರಿಸಿದ 100 ರೂಪಾಯಿಯ ಗಾಂಧಿ ಚೀಟಿ ಬಿಡುಗಡೆಯಾಯಿತು. ಸ್ವಿಟ್ಜರ್ಲೆಂಡಿನ ಅಚ್ಚಿನಿಂದ ಖಾದಿಯವರೆಗಿನ ದೂರ 63 ವರ್ಷ. ಲಿಪಿಯ ಪ್ರಶ್ನೆಗೆ ಅಂತಹ ಪ್ರಾಯಶ್ಚಿತ್ತ ನಡೆದಿಲ್ಲ. ಇಂದಿನ ಭಾರತೀಯ ಚೀಟಿಗಳಲ್ಲಿ ದೇಶದ ಹೆಸರು ದೇವನಾಗರಿ ಮತ್ತು ರೋಮನ್ ಲಿಪಿಗಳಲ್ಲಿ ಬರುತ್ತದೆ.

ಸಮಾರೋಪ

ಒಟ್ಟಾರೆಯಾಗಿ, 1948ರ ಗಾಂಧಿ ಚೀಟಿಗಳಲ್ಲಿ ಮೂರು ಸ್ತರಗಳು ಕಾಣುತ್ತವೆ. ಮುದ್ರಣದ ಸ್ತರದಲ್ಲಿ ವಿದೇಶಿ ತಂತ್ರವು ರಾಜಮುದ್ರೆಯ ಅಚ್ಚಿನಿಂದ ಗಾಂಧಿಯ ಮುಖವನ್ನು ಬಿಡಿಸಿತು. ಮೌಲ್ಯದ ಸ್ತರದಲ್ಲಿ ಜನಬಳಕೆ ಮತ್ತು ಪ್ರಭುತ್ವದ ಪ್ರದರ್ಶನಗಳ ನಡುವೆ ಒಡಕು ಉಳಿಯಿತು. ಲಿಪಿಯ ಸ್ತರದಲ್ಲಿ ಗಾಂಧಿಯು ಕೊನೆಯವರೆಗೂ ಬಿಡದೆ ಹಿಡಿದಿದ್ದ, ದೇಶವು ಮರುವರ್ಷವೇ ಕೈಬಿಟ್ಟ ನಿಲುವೊಂದು ಅಚ್ಚಾಗಿ ಉಳಿಯಿತು. ಮೊದಲನೆಯದನ್ನು ಮುದ್ರಣದ ಇತಿಹಾಸ ಹೇಳುತ್ತದೆ, ಎರಡನೆಯದನ್ನು ಸಂಗ್ರಾಹಕರು ಹೇಳುತ್ತಾರೆ. ಮೂರನೆಯದನ್ನು ಹೇಳಬೇಕಾದವರು ಭಾಷೆ ಮತ್ತು ಲಿಪಿಗಳ ಅಧ್ಯಯನಕಾರರು.

ಕನ್ನಡ ವಿಭಾಗಗಳಲ್ಲಿ ಶಾಸನಶಾಸ್ತ್ರ, ಹಸ್ತಪ್ರತಿಶಾಸ್ತ್ರಗಳನ್ನು ಬೋಧಿಸುವಾಗ ರೂಢಿಸಿದ ಶಿಸ್ತು, ಅಂದರೆ ಮಾಧ್ಯಮ, ಲಿಪಿ, ಕಾಲ ಮತ್ತು ಉದ್ದೇಶಗಳನ್ನು ಒಟ್ಟಿಗೆ ಓದುವ ಶಿಸ್ತು, ಕಲ್ಲು ಮತ್ತು ಓಲೆಗಳಿಗೆ ಸೀಮಿತವಾಗಬೇಕಿಲ್ಲ. ಕನ್ನಡದ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಹಿಂದಿನ ತಲೆಮಾರಿನ ಕಾಗದಗಳ ಕಟ್ಟುಗಳಿರುತ್ತವೆ. ಅವುಗಳಲ್ಲಿನ ಸಾಹಿತಿಗಳ ಪತ್ರಗಳನ್ನು ಸಂಪಾದಿಸುವವರು ಒಳಗಿನ ಬರಹವನ್ನು ಪ್ರತಿಮಾಡಿಕೊಂಡು ಲಕೋಟೆಯನ್ನು ಬಿಟ್ಟುಬಿಡುವುದುಂಟು. ಕನ್ನಡದ ವಿಳಾಸ, ಊರಿನ ಮೊಹರು ಮತ್ತು ಎರಡು ಲಿಪಿಯ ಬಾಪೂ ಒಟ್ಟಿಗೆ ಇರುವುದು ಆ ಲಕೋಟೆಯ ಮೇಲೆ ಮಾತ್ರ. ಅದನ್ನು ಕಾಪಿಡುವುದು ಸಂಪಾದನೆಯ ಕೆಲಸದ ಭಾಗವಾಗಬೇಕು.